ಅಬ್ಬಕ್ಕನ ಬಟ್ಟೆ

ತಂಗಿ ಹೆತ್ತು ಹದಿನೆಂಟು ದಿನ. ವೇಣೂರಿನ ಹತ್ತಿರದ ನಮ್ಮ ತವರಿನಲ್ಲಿ ಬಾಣಂತಿಗೆ ನೀರು ಕಾಯಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಿತ್ತು. ಬಚ್ಚಲ ಒಲೆಗೆ ಕೊತ್ತಳಿಗೆ ದೂಡುತ್ತ ಕೂತಿದ್ದೆ. ಹೊರಗೆ ಸೋಣದ ಮಳೆ. ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತ ತಂಗಿ ಕೇಳಿದಳು:

“ಅಕ್ಕ, ನೀನು ನಲ್ವತ್ತು ದಿನ ಕಳೆಯುವ ಮೊದಲೇ ಮಷೀನು ತುಳಿದದ್ದು ಹೌದಾ? ಅಮ್ಮ ಈಗಲೂ ಬೈತಾರೆ.”

ಹೌದು. ಅಮ್ಮ ಬೈಯುವುದೂ ನ್ಯಾಯವೇ. ನೀರು ಕುದಿಯುವವರೆಗೆ ಅವಳಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳಿಗೆ ಈಗ ಏಳು ವರ್ಷ. ಅವಳು ಹುಟ್ಟಿದ್ದು ಆಟಿಯ ಕೊನೆಗೆ. ಬಂಟ್ವಾಳ ಪೇಟೆಯ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಎರಡು ತಿಂಗಳಾಗಿತ್ತು. ಬೀಗ ಹಾಕಿದ ಅಂಗಡಿಗೂ ಬಾಡಿಗೆ ಉಂಟಲ್ಲ, ಅದು ಬಾಣಂತಿ ಎಂದು ನೋಡುವುದಿಲ್ಲ. ಇಪ್ಪತ್ತೆರಡನೆಯ ದಿನ ಮೂಡುಬಿದಿರೆ ಕಡೆಯ ಒಂದು ಹೈಸ್ಕೂಲಿನ ಮಾಸ್ತರ್ರು ಕೊಡೆ ಮಡಚುತ್ತ ಜಾಲಿಗೆ ಬಂದರು. ರಾಜ್ಯೋತ್ಸವಕ್ಕೆ ಮಕ್ಕಳಿಂದ ರಾಣಿ ಅಬ್ಬಕ್ಕನ ನಾಟಕ. ಹದಿನಾಲ್ಕು ವೇಷ: ಅಬ್ಬಕ್ಕ, ಇಬ್ಬರು ಸಖಿಯರು, ಆರು ಸೈನಿಕರು, ನಾಲ್ವರು ಪೋರ್ಚುಗೀಸರು, ಒಬ್ಬ ದೂತ. ಬಾಡಿಗೆಗೆ ತರುವ ವೇಷ ಅವರಿಗೆ ಬೇಡವಂತೆ. “ಅದರಲ್ಲಿ ಅಬ್ಬಕ್ಕ, ಚೆನ್ನಮ್ಮ, ಓಬವ್ವ ಎಲ್ಲ ಒಂದೇ ಮಾರಾಯ್ರೆ” ಎಂದರು. ಮಾತು ಸರಿಯಿತ್ತು.

“ಆಗುದಿಲ್ಲ” ಎಂದು ಅಮ್ಮ ಚಾವಡಿಯಲ್ಲಿ ನಿಂತು ಹೇಳುವಷ್ಟರಲ್ಲಿ ನಾನು ಒಳಗಿನ ಕತ್ತಲೆ ಕೋಣೆಯಿಂದ “ಆಗ್ತದೆ” ಎಂದಿದ್ದೆ.

ಬಾಣಂತಿ ಸೂಜಿ ಹಿಡಿದರೆ ಕಣ್ಣು ಮಂಜಾಗುತ್ತದೆ ಎಂದು ಅಜ್ಜಿ. ಸೊಂಟ ಬೀಳುತ್ತದೆ ಎಂದು ದೊಡ್ಡಮ್ಮ. ನನ್ನನ್ನು ಮೀಯಿಸಲು ಬರುತ್ತಿದ್ದವರಿಗಂತೂ ನನ್ನ ಮೇಲೆ ನಂಬಿಕೆಯೇ ಹೋಯಿತು. ಕೊಡಗಟ್ಟಲೆ ಬಿಸಿನೀರನ್ನು ಬೆನ್ನಿಗೆ ಎರಚುತ್ತ ಬೈಯುವುದು, ಬೈಯುತ್ತ ಎರಚುವುದು. ಅಪ್ಪ ಮಾತ್ರ ಏನೂ ಹೇಳದೆ ತಮ್ಮ ಹಳೆಯ ಕಾಲು ಮಷೀನನ್ನು ಕಿಟಕಿಯ ಬಳಿಗೆ ಎಳೆದು, ಬೆಲ್ಟಿಗೆ ಮೇಣ ಉಜ್ಜಿ ಇಟ್ಟರು. ಅಪ್ಪನೂ ದರ್ಜಿ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲವಿಡೀ ವೇಷದ ಪೆಟ್ಟಿಗೆಯ ಹರಿದ ದಗಲೆ, ಇಜಾರುಗಳನ್ನು ಹೊಲಿದೇ ನಮ್ಮನ್ನು ಸಾಕಿದವರು. ಆರು ಸೈನಿಕರ ದಗಲೆಯ ಅಳತೆ ಕಾಗದ ಅವರ ತಗಡಿನ ಡಬ್ಬದಲ್ಲೇ ಇತ್ತು. ಅಂಚಿಗೆ ಕಟ್ಟುವ ಉಲ್ಲನ್ ಗೊಂಡೆಗೆ ಕೆಂಪು, ಹಸಿರು, ಹಳದಿ ನೂಲಿನ ಉಂಡೆಗಳೂ ಇದ್ದವು.

ಪಕ್ಕಾಸಿಗೆ ಸೀರೆಯ ತೊಟ್ಟಿಲು ಕಟ್ಟಿ, ಅದರ ಹಗ್ಗವನ್ನು ಕೈಗೆಟಕುವಂತೆ ಮಷೀನಿನ ಮೇಜಿಗೆ ಸುತ್ತಿದೆ. ಮೊದಲ ದಿನವೇ ಒಂದು ಸಂಗತಿ ಗೊತ್ತಾಯಿತು. ಮಷೀನು ಓಡುತ್ತಿದ್ದಷ್ಟು ಹೊತ್ತು ಮಗು ನಿದ್ದೆ ಮಾಡುತ್ತಿತ್ತು, ನಿಲ್ಲಿಸಿದ ಕೂಡಲೇ ಎಚ್ಚರ. ಬಟ್ಟೆ ಕತ್ತರಿಸುವಾಗ, ಕಾಜ ಮಾಡುವಾಗ, ಗುಂಡಿ ಇಡುವಾಗ ಮಷೀನು ನಿಲ್ಲಿಸಲೇಬೇಕಲ್ಲ? ಕೊನೆಗೆ ಚಕ್ರದ ತಿರುಪು ಸಡಿಲಿಸಿಟ್ಟುಕೊಂಡೆ. ಸೂಜಿ ಮೇಲೆ ನಿಂತಿರುತ್ತದೆ, ಚಕ್ರ ಬರಿದೇ ತಿರುಗುತ್ತದೆ. ಕೈಯಲ್ಲಿ ಗುಂಡಿ, ಕಾಲಲ್ಲಿ ಖಾಲಿ ತುಳಿತ. ಪಕ್ಕದ ಮನೆಯವರು ಲೆಕ್ಕ ಹಾಕಿದ್ದರೆ ನಾನು ಹದಿನಾಲ್ಕಲ್ಲ, ಇಡೀ ಮೇಳಕ್ಕೇ ಹೊಲಿದಿದ್ದೇನೆ ಎಂದುಕೊಳ್ಳುತ್ತಿದ್ದರೇನೋ.

ತಪ್ಪು ಎಷ್ಟಾಯಿತು ಎಂದರೆ ಹೇಳಿ ಮುಗಿಯದು. ರಾತ್ರಿ ಎರಡು ಗಂಟೆಗೆ ಹಾಲು ಕುಡಿಸಿ ಮಲಗಿಸಿದವಳು ಹೇಗೂ ಎಚ್ಚರವಾಯಿತಲ್ಲ ಎಂದು ಒಂದು ದಗಲೆಗೆ ತೋಳು ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡೂ ಎಡತೋಳು. ದರ್ಜಿಯ ಮಗಳು, ಹನ್ನೊಂದು ವರ್ಷದಿಂದ ದರ್ಜಿ! ಅತ್ತುಬಿಟ್ಟೆ. ಬಾಣಂತಿಗೆ ಅಳು ಬರಲು ತೋಳೇ ಬೇಕೆಂದಿಲ್ಲ, ಅದು ಬೇರೆ ಮಾತು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ತೋಳು ಬಿಚ್ಚಿ ಸರಿಯಾಗಿ ಕೂತಿತ್ತು. ಅಪ್ಪ ಹೊರಗೆ ಅಡಿಕೆ ಸುಲಿಯುತ್ತಿದ್ದರು.

ಪೋರ್ಚುಗೀಸರ ಕೊರಳಪಟ್ಟಿಯದ್ದು ದೊಡ್ಡ ಕಥೆ. ಹದಿನಾರನೆಯ ಶತಮಾನದ ಚಿತ್ರಗಳಲ್ಲಿ ಐರೋಪ್ಯ ಸಿರಿವಂತರ ಕುತ್ತಿಗೆಗೆ ತಟ್ಟೆಯ ಹಾಗೆ ಒಂದು ನೆರಿಗೆಯ ಪಟ್ಟಿ ಇರುತ್ತದಲ್ಲ, ಅದು. ಆರು ಮೀಟರ್ ಉದ್ದದ ಬಟ್ಟೆಪಟ್ಟಿಯನ್ನು ಎಂಟರ ಅಂಕಿಯಂತೆ ಮಡಚಿ ಮಡಚಿ ಕುತ್ತಿಗೆಯ ಸುತ್ತಳತೆಗೆ ತರಬೇಕು. ಅದು ನಿಲ್ಲಬೇಕಾದರೆ ಗಂಜಿ ಬೇಕು, ಅವರ ಊರಿನಲ್ಲೂ ಅದನ್ನು ನಿಲ್ಲಿಸಿದ್ದು ಗಂಜಿಯೇ. ನಮ್ಮ ಮನೆಯಲ್ಲಿ ಬೇಯುವುದು ಕುಚ್ಚಲಕ್ಕಿ, ಅದರ ತಿಳಿ ಕೆಂಪು. ನನಗಾಗಿ ಅಮ್ಮ ಬೆಳ್ತಿಗೆ ಅಕ್ಕಿ ಬೇಯಿಸಿ ದಪ್ಪ ಗಂಜಿ ತೆಗೆದುಕೊಟ್ಟರು, ಬೈಯುತ್ತಲೇ. ಅದ್ದಿ, ನೆರಿಗೆ ಕೂರಿಸಿದೆ. ಒಣಗಿಸಲು ಬಿಸಿಲೆಲ್ಲಿ? ಇದೇ ಬಚ್ಚಲ ಒಲೆಯ ಮೇಲೆ ಬಳ್ಳಿ ಕಟ್ಟಿ ನಾಲ್ಕನ್ನೂ ತೂಗಹಾಕಿದೆ. ಗಟ್ಟಿಯಾಗಿ ಒಣಗಿತು. ಆದರೆ ಹಸಿ ಕೊತ್ತಳಿಗೆಯ ಹೊಗೆ ಹಿಡಿದು ನಾಲ್ಕೂ ಒಣ ಬಾಳೆಯ ಬಣ್ಣಕ್ಕೆ ತಿರುಗಿದ್ದವು, ಮೂಸಿದರೆ ಹಪ್ಪಳದ ವಾಸನೆ. ಮೀಯಿಸುವವರು ನೋಡಿ, “ಎಂತದು ಇದು, ಒಣಮೀನು ಕಟ್ಟಿದ ಹಾಗೆ?” ಎಂದರು. ಒಗೆದು, ಮತ್ತೆ ಗಂಜಿ ಹಾಕಿ, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಒಂದೊಂದೇ ನೆರಿಗೆ ಒಣಗಿಸಿದೆ.

ಪೋರ್ಚುಗೀಸ್ ಕಪ್ತಾನನಿಗೆ ಮೊಣಕಾಲಿನವರೆಗೆ ಕೆಂಪು ಕಾಲುಚೀಲ ಹೆಣೆದುಕೊಡುತ್ತೇನೆ ಎಂದು ಒಪ್ಪಿಕೊಂಡದ್ದು ನನ್ನ ಅಧಿಕಪ್ರಸಂಗ. ಕಡ್ಡಿಯಲ್ಲಿ ಹೆಣೆದ ಕಾಲುಚೀಲ ಆ ಕಾಲದ ಐರೋಪ್ಯ ದೊಡ್ಡವರ ಶೋಕಿ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವುದಕ್ಕೇ ಒಂದು ಯಂತ್ರ ಕಟ್ಟಿದ. ನನ್ನಲ್ಲಿದ್ದದ್ದು ಎರಡು ಕಡ್ಡಿ, ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಹೆಣಿಗೆ. ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಹೆಣೆಯುತ್ತಿದ್ದೆ. ಅದು ಅತ್ತಾಗಲೆಲ್ಲ ಲೆಕ್ಕ ತಪ್ಪುತ್ತಿತ್ತು. ಎರಡನೆಯ ಕಾಲುಚೀಲ ಮೊದಲನೆಯದಕ್ಕಿಂತ ಎರಡು ಬೆರಳು ಗಿಡ್ಡ ಬಂತು. ಬಿಚ್ಚುವ ತ್ರಾಣ ಇರಲಿಲ್ಲ. ಬೂಟಿನೊಳಗೆ ಹೋದ ಮೇಲೆ ಯಾರಿಗೆ ಗೊತ್ತು? ಉಳಿದ ಮೂವರಿಗೆ ಪೇಟೆಯ ಲೆಗ್ಗಿನ್ಸೇ ಗತಿಯಾಯಿತು. ಉಳಿದ ಕೆಂಪು ಉಲ್ಲನ್ನಿಗೆ ಗೊಂಡೆಯ ಹಸಿರು ತುಂಡುಗಳನ್ನು ಸೇರಿಸಿ ಮಗಳಿಗೆ ಒಂದು ಟೊಪ್ಪಿ ಹೆಣೆದೆ. ಅದನ್ನು ಹಾಕಿದರೆ ಅವಳು ಥೇಟ್ ಸಣ್ಣದೊಂದು ಬಣ್ಣದ ವೇಷ.

ಇಷ್ಟೆಲ್ಲ ಆದ ಮೇಲೂ ಅಬ್ಬಕ್ಕನ ಬಟ್ಟೆ ಕತ್ತರಿಸಿರಲಿಲ್ಲ. ಮಾಸ್ತರ್ರು ಕೊಟ್ಟಿದ್ದು ಜರಿಯ ಸೀರೆ, ಅದನ್ನು ಕಚ್ಚೆಗೆ ಬರುವಂತೆ ಹೊಲಿದು, ಮೇಲೆ ಗಿಲೀಟಿನ ಕವಚ ಕೂರಿಸಬೇಕು. ಜೊತೆಗೆ, ಓದಿ ನೋಡಿ ಎಂದು ಕೆಲವು ಝೆರಾಕ್ಸ್ ಹಾಳೆಗಳು. ಒಂದು ರಾತ್ರಿ ಹಾಲು ಕುಡಿಸುತ್ತ ಆ ಹಾಳೆಗಳನ್ನು ಓದಿದೆ.

ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ನಮ್ಮ ಕಡೆಗೆ ಬಂದಿದ್ದ. ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ರಾಯಭಾರದ ಜೊತೆ ಇಕ್ಕೇರಿಗೆ ಹೋದವನು ಆಮೇಲೆ ಮಂಗಳೂರಿಗೆ ಇಳಿದ. ಉಳ್ಳಾಲದ ರಾಣಿಯನ್ನು ನೋಡುವ ಆಸೆಯಿಂದ ಮಣೇಲ್ ಎಂಬಲ್ಲಿಗೆ ನಡೆದ. ಉಳ್ಳಾಲದ ಚೌಟರಲ್ಲಿ ಅಬ್ಬಕ್ಕ ಎಂಬ ರಾಣಿ ಒಬ್ಬಳೇ ಅಲ್ಲ. 1560ರ ದಶಕದಲ್ಲಿ ಪೋರ್ಚುಗೀಸರನ್ನು ಎದುರಿಸಿದವಳು ಬೇರೆ, ಇವನು ಕಂಡವಳು ಬೇರೆ, ನಾಟಕದಲ್ಲಿ ಮಾತ್ರ ಎಲ್ಲರೂ ಸೇರಿ ಒಬ್ಬಳು. ಅವನು ಕಂಡ ರಾಣಿ ದಾರಿಯಲ್ಲಿ ನಡೆದು ಬರುತ್ತಿದ್ದಳು. ನೀರಿನ ಕಾಲುವೆಯೋ ಅಗಳೋ ತೋಡಿಸುವ ಕೆಲಸದ ಉಸ್ತುವಾರಿ ಅವಳದ್ದೇ. ಬರಿಗಾಲು. ಸೊಂಟಕ್ಕೆ ದಪ್ಪ ಹತ್ತಿಯ ಬಿಳಿ ಬಟ್ಟೆ, ತಲೆಯ ಮೇಲಿಂದ ಹೆಗಲಿಗೆ ಇಳಿದ ಇನ್ನೊಂದು ತುಂಡು, ಅಷ್ಟೇ. ಒಡವೆಯಿಲ್ಲ. ಸುತ್ತ ಕತ್ತಿ ಗುರಾಣಿಯ ನಾಲ್ಕಾರು ಆಳುಗಳು, ತಲೆಯ ಮೇಲೆ ತಾಳೆಗರಿಯ ಕೊಡೆ. ನೋಡಿದರೆ ಅಡುಗೆಮನೆಯ ಕೆಲಸದವಳ ಹಾಗಿದ್ದಳು, ಮಾತು ಕೇಳಿದರೆ ರಾಣಿಯೆಂದು ಗೊತ್ತಾಗುತ್ತಿತ್ತು ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಅವಳ ಪ್ರಾಯಕ್ಕೆ ಬಂದ ಮಗನನ್ನೂ ಕಂಡಿದ್ದಾನೆ.

ಮೈಮೇಲೆ ಮೂರು ದಿನದ ನೈಟಿ, ಹೆಗಲಲ್ಲಿ ಹಾಲಿನ ಕಲೆಯ ಬೈರಾಸು. ನನಗೆ ಆ ರಾಣಿ ತುಂಬ ಹತ್ತಿರದವಳೆನಿಸಿದಳು. ಮಕ್ಕಳ ತಾಯಿ, ಕೆಲಸದ ನಡುವೆ ಇದ್ದವಳು, ಬಿಸಿಲಿಗೆ ಬೇಕಾದ ಬಟ್ಟೆ ಉಟ್ಟಿದ್ದಾಳೆ. ನಾನು ಯಾಕೆ ಅವಳಿಗೆ ಗಿಲೀಟು ಹೊಲಿಯಬೇಕು?

ಅಳತೆ ನೋಡಲು ಅಕ್ಟೋಬರ್ ಕೊನೆಗೆ ಮೂಡುಬಿದಿರೆಗೆ ಹೋಗಬೇಕಾಯಿತು. ಮಗು ಎರಡು ತಿಂಗಳು ದಾಟಿತ್ತು. ಅಮ್ಮನನ್ನೂ ಗಂಟುಗಳನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆ. ಚೌಟರ ಅರಮನೆ ಅಲ್ಲೇ ಇದೆಯಲ್ಲ, ಆ ಮನೆತನದವರು ಈಗಲೂ ಅಲ್ಲಿ ವಾಸವಿದ್ದಾರೆ. ಅದರ ಕಂಬದಲ್ಲಿ ಕೆತ್ತಿದ ಹೆಂಗಸರ ಉಡುಗೆ ನೋಡಿದರೆ ಏನಾದರೂ ಹೊಳೆದೀತು ಎಂಬ ಆಸೆ. ದರ್ಜಿಗೆ ಬೇಕಾದ ಹೊಲಿಗೆ ಮರದಲ್ಲಿ ಎಲ್ಲಿ ಸಿಗುತ್ತದೆ? ನೋಡುತ್ತ ನಿಂತದ್ದು ನವನಾರೀ ಕುಂಜರದ ಮುಂದೆ. ಒಂಬತ್ತು ಹೆಂಗಸರು ಕೈಕಾಲು ಹೆಣೆದು ಒಂದು ಆನೆ. ಇನ್ನೊಂದರಲ್ಲಿ ಐವರು ಸೇರಿ ಕುದುರೆ. ಅಮ್ಮ ಮಗುವನ್ನು ಹೆಗಲಿಂದ ಹೆಗಲಿಗೆ ಬದಲಿಸಿ ಹೇಳಿದರು: “ನಮ್ಮಲ್ಲಿ ಉಲ್ಟಾ. ನಾಲ್ಕೂವರೆ ಕಿಲೋದ ಇದೊಂದಕ್ಕೆ ಒಂಬತ್ತು ಹೆಂಗಸರು ಬೇಕು.”

ಮಾಸ್ತರ್ರೊಡನೆ ಶಾಲೆಯ ಜಗುಲಿಯಲ್ಲಿ ವಾದವಾಯಿತು. ನಾನು ಹತ್ತಿ ಎಂದೆ, ಅವರು ಜರಿ ಎಂದರು. “ನೀವು ಹೇಳುದು ಸರಿ. ಆದರೆ ಜನ ರಾಣಿ ಎಲ್ಲಿ ಅಂತ ಕೇಳ್ತಾರೆ.” ಕೊಟ್ಟವರು ನೀವೇ ಅಲ್ಲವಾ ಆ ಹಾಳೆ ಎಂದೆ. ಓದಲಿಕ್ಕೆ ಕೊಟ್ಟದ್ದು, ಹೊಲಿಯಲಿಕ್ಕಲ್ಲ ಎಂದು ನಕ್ಕರು. ಮಗು ಕಿರುಚಲು ಶುರುಮಾಡಿದ್ದರಿಂದ ರಾಜಿ ಬೇಗ ಆಯಿತು. ಯುದ್ಧದ ದೃಶ್ಯಗಳಿಗೆಲ್ಲ ಜರಿ. ಕೊನೆಯಲ್ಲಿ, ಎಲ್ಲ ಮುಗಿದು ರಾಣಿ ಗದ್ದೆಯ ಕಡೆ ಹೋಗುವ ಒಂದು ದೃಶ್ಯಕ್ಕೆ ಮಾತ್ರ ನನ್ನ ಬಟ್ಟೆ. ಹೈಸ್ಕೂಲು ಹುಡುಗಿಯಾದ್ದರಿಂದ ಬಿಳಿ ಕುಪ್ಪಸವೊಂದನ್ನು ಸೇರಿಸಿದೆ. ಆರು ಮೀಟರ್ ದಪ್ಪ ಹತ್ತಿ ಬಟ್ಟೆಯನ್ನು ನನ್ನ ದುಡ್ಡಿನಲ್ಲೇ ತಂದು, ಹೊಸದರ ಬಿಗುವು ಹೋಗಲೆಂದು ಮೂರು ಸಲ ಒಗೆದೆ. ಹೊಲಿಗೆ ಬಹುಪಾಲು ಏನೂ ಇಲ್ಲ, ಅಂಚು ಮಡಚಿದ್ದು ಅಷ್ಟೇ. ಹದಿನಾಲ್ಕು ವೇಷಗಳಲ್ಲಿ ಬೇಗ ಮುಗಿದದ್ದು ಅದು, ಹೆಚ್ಚು ಯೋಚಿಸಿ ಮಾಡಿದ್ದೂ ಅದೇ.

ನವೆಂಬರ್ 1ರ ಸಂಜೆ ಶಾಲೆಯ ಮೈದಾನದಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ, ಮಗು ಸೆರಗಿನೊಳಗೆ. ದಗಲೆಯ ಗೊಂಡೆಗಳು ಚೆಂದ ಕುಣಿದವು. ಕೊರಳಪಟ್ಟಿಗಳು ಕೊನೆಯವರೆಗೂ ನಿಂತವು. ಕಪ್ತಾನ ಸಾಯುವಾಗ ಬೂಟು ಕಳಚಿ, ಗಿಡ್ಡ ಕಾಲುಚೀಲ ಹಿಮ್ಮಡಿಗೆ ಜಾರಿ ಮಕ್ಕಳೆಲ್ಲ ನಕ್ಕರು. ಜರಿ ಸೀರೆಯ ಅಬ್ಬಕ್ಕ ಕತ್ತಿ ಎತ್ತಿದಾಗ ಚಪ್ಪಾಳೆ. ಮಾಸ್ತರ್ರು ಹೇಳಿದ್ದು ಸುಳ್ಳಲ್ಲ.

ಆಮೇಲೆ ಕೊನೆಯ ದೃಶ್ಯ. ದೀಪ ಸಣ್ಣದಾಯಿತು. ಬರಿಗಾಲಿನ ಹುಡುಗಿ ಬಿಳಿ ಬಟ್ಟೆಯಲ್ಲಿ ಬಂದಳು, ಹಿಂದೆ ಒಬ್ಬ ತಾಳೆಗರಿಯ ಕೊಡೆ ಹಿಡಿದು. ನನ್ನ ಎದುರಿನ ಸಾಲಿನ ಹೆಂಗಸು ಪಕ್ಕದವಳಿಗೆ ಬಾಗಿ ಕೇಳಿದಳು:

“ಇವಳು ಯಾರು? ಕೆಲಸದವಳಾ?”

ನಾಲ್ಕುನೂರು ವರ್ಷದ ಹಿಂದೆ ಇಟಲಿಯವನಿಗೆ ಅನಿಸಿದ್ದೇ ಇವಳಿಗೂ ಅನಿಸಿತಲ್ಲ! ಬೇಸರ ಆಗಬೇಕಿತ್ತು. ನನಗೆ ನಗು ತಡೆಯಲಿಕ್ಕಾಗದೆ ಮಗು ಎಚ್ಚರಾಯಿತು. ಅಷ್ಟರಲ್ಲಿ ವೇದಿಕೆಯ ಹುಡುಗಿ ಮಾತು ಶುರುಮಾಡಿದಳು, ಎದುರಿನ ಹೆಂಗಸು ಸುಮ್ಮನಾದಳು. ರಾಣಿ ಏನು ಹೇಳಿದಳೋ ನಾನು ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಮೈದಾನದ ಆಚೆ ಬಸ್‌ಸ್ಟ್ಯಾಂಡಿನ ಕಡೆ ನಡೆದಾಗಿತ್ತು.

ಹಂಡೆಯ ನೀರು ಕುದಿಯಿತು. ತಂಗಿ ಕೇಳಿದಳು, ಆ ವೇಷಗಳೆಲ್ಲ ಈಗ ಎಲ್ಲಿವೆ ಎಂದು. ಹದಿಮೂರು ವೇಷ, ಜೊತೆಗೆ ಜರಿ ಸೀರೆ ಮತ್ತು ಕವಚ, ಶಾಲೆಯ ಕಪಾಟಿಗೆ ಹೋದವು. ಹೊಲಿಗೆಯ ದುಡ್ಡು ದೀಪಾವಳಿಯ ಹೊತ್ತಿಗೆ ಕೈಗೆ ಬಂತು. ಬಿಳಿ ಬಟ್ಟೆಯನ್ನು ಮಾಸ್ತರ್ರು ಕೇಳಲಿಲ್ಲ. ಒಗೆದು, ಬಿಸಿನೀರಲ್ಲಿ ಕುದಿಸಿ, ಹನ್ನೆರಡು ತುಂಡು ಮಾಡಿ ಮಗಳಿಗೆ ಹಾಸಿದೆ. ಹತ್ತಿ ದಪ್ಪಗಿತ್ತು, ಚೆನ್ನಾಗಿ ಹೀರುತ್ತಿತ್ತು. ಮೂರು ತುಂಡು ಇನ್ನೂ ಗಟ್ಟಿ ಇವೆ. ಈಗ ಒಳಗೆ ತೊಟ್ಟಿಲಲ್ಲಿ ತಂಗಿಯ ಮಗ ಮಲಗಿರುವುದು ಅದರಲ್ಲೊಂದರ ಮೇಲೆ.