ಕೀಲಿ ಕಳೆದ ಪಠ್ಯಗಳು: ಸನ್ನತಿ ಮತ್ತು ಸಿರಿಭೂವಲಯ

ಗಣಕಯಂತ್ರಕ್ಕಾಗಿ ಬರೆದ ಆದೇಶಗಳನ್ನು ಯಂತ್ರವು ನೇರವಾಗಿ ಅರಿಯಲಾರದು. ಅವುಗಳನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು. ಅದು ಕಣ್ಮರೆಯಾದರೆ ಆದೇಶಗಳ ಪಠ್ಯ ಒಂದಕ್ಷರವೂ ಲೋಪವಾಗದೆ ಉಳಿದಿದ್ದರೂ ಮೂಕವಾಗುತ್ತದೆ. ಆಲ್ಗಾಲ್ 68 ಎಂಬ ಗಣಕಭಾಷೆ ಇಂದು ಬಹುಮಟ್ಟಿಗೆ ಬಳಕೆಯಲ್ಲಿಲ್ಲ. ಆದರೆ ಅದರ ನಿಯಮಗಳು ಮುದ್ರಿತ ವರದಿಯಲ್ಲಿ ಸಮಗ್ರವಾಗಿ ಉಳಿದಿದ್ದವು. ಅವುಗಳ ಆಧಾರದಿಂದ ಮಾರ್ಸೆಲ್ ವ್ಯಾನ್ ಡರ್ ವೀರ್ ಎಂಬುವರು ‘ಆಲ್ಗಾಲ್ 68 ಜೀನಿ’ಯನ್ನು ರಚಿಸಿದ್ದರಿಂದ ಈಗಿನ ಗಣಕಗಳಲ್ಲಿಯೂ ಆ ಭಾಷೆ ನಡೆಯುತ್ತದೆ.

ಪಠ್ಯ ಉಳಿದು ಓದುವ ಕ್ರಮ ಮರೆಯಾಗುವ ಈ ಸಮಸ್ಯೆ ಶಾಸನ ಮತ್ತು ಸಾಹಿತ್ಯಗಳ ಅಧ್ಯಯನಕ್ಕೆ ಹಳೆಯದು. ಕಲಬುರಗಿ ಜಿಲ್ಲೆಯ ಎರಡು ನೆಲೆಗಳು ಇದಕ್ಕೆ ಸಂಬಂಧಿಸಿವೆ.

ಮೊದಲನೆಯದು ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ತೀರದ ಸನ್ನತಿ. 1986ರಲ್ಲಿ ಇಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮೀ ಶಾಸನಗಳು ಕಂಡುಬಂದವು. ಇದನ್ನು ಓದಲು ಹೊಸ ಕೀಲಿ ಬೇಕಾಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಗೆ ಕಂಡುಕೊಂಡ ಕೀಲಿಯೇ, ಅವನು ಎಂದೂ ನೋಡದ ಈ ಕಲ್ಲಿಗೂ ಸಲ್ಲಿತು. ಒಡಿಶಾದ ಧೌಳಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳು ಇಲ್ಲಿಯೂ ಇರುವುದು ಅದರಿಂದ ಸ್ಪಷ್ಟವಾಯಿತು.

ಎರಡನೆಯದು ಮಳಖೇಡ. ವಾಡಿಯಿಂದ ಸೇಡಂ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಚಿತ್ತಾಪುರದ ನಂತರ ಮಳಖೇಡ ರೋಡ್ ನಿಲ್ದಾಣವಿದೆ. ಕಾಗಿಣಾ ತೀರದ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗಕ್ಕೂ ಮಹಾವೀರಾಚಾರ್ಯರ ಗಣಿತಸಾರಸಂಗ್ರಹಕ್ಕೂ ಆಶ್ರಯವಿತ್ತ ಈ ಅರಸನ ಗುರುವೆಂದು ಸಿರಿಭೂವಲಯದ ಕರ್ತೃ ಕುಮುದೇಂದು ಮುನಿಗಳನ್ನು ಅದರ ಸಂಪಾದಕರು ಭಾವಿಸಿದರು.

ಸಿರಿಭೂವಲಯದಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. 27 ಸಾಲು, 27 ಕಂಬಗಳ ಚಕ್ರವೊಂದರಲ್ಲಿ 729 ಮನೆಗಳು. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ. ಪ್ರತಿ ಅಂಕಿಗೂ ಒಂದು ಧ್ವನಿ. ‘ಬಂಧ’ವೆಂಬ ನಿಯತ ಕ್ರಮದಲ್ಲಿ ಮನೆಯಿಂದ ಮನೆಗೆ ಸಾಗಿದರೆ ಕನ್ನಡದ ಸಾಂಗತ್ಯ ಪದ್ಯಗಳು ಹೊರಡುತ್ತವೆ. ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿದರೆ ಪ್ರಾಕೃತ, ನಡುವಣ ಅಕ್ಷರಗಳನ್ನು ಓದಿದರೆ ಸಂಸ್ಕೃತ ದೊರೆಯುತ್ತದೆಂಬುದು ಸಂಪಾದಕರ ಪ್ರತಿಪಾದನೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು, ಕರ್ಲಮಂಗಲಂ ಶ್ರೀಕಂಠಯ್ಯನವರು ಮತ್ತು ಕನ್ನಡ ಬೆರಳಚ್ಚು ಯಂತ್ರಕ್ಕಾಗಿ ದುಡಿದ ಕೆ. ಅನಂತಸುಬ್ಬರಾಯರು ಇದಕ್ಕಾಗಿ ಶ್ರಮಿಸಿದರು. 1953ರಲ್ಲಿ ಮೊದಲ ಭಾಗ ಪ್ರಕಟವಾಯಿತು.

ಈ ಕೃತಿ 9ನೆಯ ಶತಮಾನದ್ದಾದರೆ ಕವಿರಾಜಮಾರ್ಗದ ಪಕ್ಕದಲ್ಲಿ ಅದನ್ನಿಟ್ಟು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಮತ್ತೆ ಬರೆಯಬೇಕಾಗುತ್ತದೆ. ಆದರೆ ಭಾಷೆಯ ಸ್ವರೂಪ ಮತ್ತು ಸಾಂಗತ್ಯ ಛಂದಸ್ಸನ್ನು ಗಮನಿಸಿದ ವಿದ್ವಾಂಸರು ಇದನ್ನು ಬಹಳ ಈಚಿನದೆಂದು ವಾದಿಸಿದ್ದಾರೆ. ಭಾಷೆ, ಛಂದಸ್ಸುಗಳ ಚರ್ಚೆ ನಡೆಯಬೇಕಾದರೂ ಅಂಕಿಗಳಿಂದ ಹೊರಟ ಪಾಠ ಮೊದಲು ಖಚಿತವಾಗಬೇಕು. ಆದ್ದರಿಂದ ಕಾಲನಿರ್ಣಯದ ಪ್ರಶ್ನೆಯೂ ಕೀಲಿಯ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಇಲ್ಲಿ ಸನ್ನತಿಯ ಕಲ್ಲು ಒಂದು ಅಳತೆಗೋಲನ್ನು ಕೊಡುತ್ತದೆ. ನಿಜವಾದ ಕೀಲಿ ತನ್ನನ್ನು ಕಂಡುಕೊಂಡವನು ನೋಡದ ಪಠ್ಯವನ್ನೂ ತೆರೆಯಬೇಕು. ಮನೆಗಳ ದಾರಿಯನ್ನು ಪ್ರತಿ ಚಕ್ರಕ್ಕೂ ಓದುಗನು ತನಗೆ ಬೇಕಾದಂತೆ ಆಯ್ದುಕೊಂಡರೆ, ಚಕ್ರವು ಅವನು ಬಯಸಿದ ಮಾತನ್ನೇ ಆಡುತ್ತದೆ. ಬಂಧದ ನಿಯಮ ಮೊದಲೇ ಲಿಖಿತವಾಗಿ, ಓದಿಲ್ಲದ ಚಕ್ರದಿಂದಲೂ ಛಂದೋಬದ್ಧ ಪದ್ಯವನ್ನು ಹೊರತಂದರೆ ಅದು ಪ್ರಮಾಣವಾಗುತ್ತದೆ. ಗಣಕವು ನೆರವಾಗುವುದು ಇಲ್ಲಿಯೇ. ಅದಕ್ಕೆ ಶ್ರದ್ಧೆಯೂ ಇಲ್ಲ, ಸಂಶಯವೂ ಇಲ್ಲ, ಕೊಟ್ಟ ನಿಯಮವನ್ನಷ್ಟೇ ಅದು ಪಾಲಿಸುತ್ತದೆ.

ಆಲ್ಗಾಲ್ 68ರ ನಿಯಮಗಳು ಬರಹದಲ್ಲಿ ಉಳಿದಿದ್ದರಿಂದ ಅದಕ್ಕೆ ಮರುಜೀವ ಬಂದಿತು. ಸಿರಿಭೂವಲಯದ ಪ್ರತಿ ಬಂಧದ ನಿಯಮವೂ ಚಕ್ರಗಳ ಅಂಕಿಗಳೊಡನೆ ಅಷ್ಟೇ ಸ್ಪಷ್ಟವಾಗಿ ಮುದ್ರಿತವಾಗಬೇಕು. ಆಗ ಸೇಡಂ ಇಲ್ಲವೆ ಶಹಾಬಾದಿನ ವಿದ್ಯಾರ್ಥಿಯೊಬ್ಬಳು ಯಾವ ಪಂಡಿತರನ್ನೂ ಕೇಳದೆ ಚಕ್ರವನ್ನು ಓದಬಲ್ಲಳು. ಅವಳ ಓದೂ ಚಿಂಚೋಳಿಯ ಇನ್ನೊಬ್ಬನ ಓದೂ ಒಂದೇ ಆಗಿದ್ದರೆ ಕೀಲಿ ಸಿಕ್ಕಿತೆಂದು ತಿಳಿಯಬಹುದು.