ಕೆಂಪು ದೀಪದ ಮಾತು

ಮುದುಕರ ಕೆಮ್ಮಿಗೆ ಮನೆಮಂದಿ ಒಗ್ಗಿಹೋಗುವಂತೆ, ಹಳೆಯ ಕಾರಿನ ಗೊಣಗಾಟಕ್ಕೆ ಅದರ ಯಜಮಾನನೂ ಒಗ್ಗಿಹೋಗುತ್ತಾನೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ಅದನ್ನು ಮನೆಯ ಹಿರಿಯನಂತೆ ಸಾಕಿಕೊಂಡಿರುವ ಸಂಸಾರಗಳುಂಟು. ಆ ಹಿರಿಯನ ಎರಡು ದೂರುಗಳನ್ನು ಮಾತ್ರ ಅಲಕ್ಷಿಸಕೂಡದು.

ಮೊದಲನೆಯದು ಎಣ್ಣೆಯ ಒತ್ತಡ ಇಳಿದಾಗ ಹೊತ್ತುವ ದೀಪ. ಓಡುವಾಗ ಅದು ಹೊತ್ತಿತೆಂದರೆ ಗಾಡಿಯನ್ನು ಬದಿಗೆ ತಂದು ಎಂಜಿನ್ ಆರಿಸಬೇಕು. ‘ಊರು ಇನ್ನೇನು ಬಂತು’ ಎಂಬ ಆಸೆಗೆ ಬೇರಿಂಗುಗಳು ಬಲಿಯಾಗುತ್ತವೆ. ತುಸು ಹೊತ್ತು ಕಾದು, ಅಳತೆಯ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಸಾಕಷ್ಟಿದ್ದರೆ ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚೇ ಕೆಟ್ಟಿರಬಹುದು. ಆದರೆ ಮೆಕ್ಯಾನಿಕನು ಒತ್ತಡಮಾಪಕವನ್ನು ಜೋಡಿಸಿ ಪರೀಕ್ಷಿಸುವ ತನಕ ದೀಪವನ್ನು ಸುಳ್ಳುಗಾರನೆನ್ನುವುದು ತರವಲ್ಲ.

ಎರಡನೆಯದು ಶಾಖವನ್ನು ತೋರುವ ಮುಳ್ಳು. ಅದು ಮೇಲೇರಿದೊಡನೆ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುವುದು ಅಪಾಯ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ಸೆಲ್ಸಿಯಸ್ ಮೀರಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಉಕ್ಕಿ ಮುಖವನ್ನು ಸುಡುತ್ತದೆ. ಪೂರ್ತಿ ತಣಿದ ಬಳಿಕ ನೀರಿನ ಮಟ್ಟ, ರಬ್ಬರ್ ಹೋಸುಗಳು, ಫ್ಯಾನ್ ಬೆಲ್ಟು ಇವನ್ನು ನೋಡಬೇಕು.

ಅಳತೆಯ ಕಡ್ಡಿಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಅಂಟಿದ್ದರೆ ಎರಡು ದೂರುಗಳೂ ಒಂದಾದಂತೆ: ನೀರು ಎಣ್ಣೆಯನ್ನು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯವಿದೆ. ಆಗ ನೆರೆಯವರು ನಕ್ಕರೂ ಸರಿಯೆ, ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡೇ ಗ್ಯಾರೇಜು ಸೇರಬೇಕು.