ಕೆಂಪು ಬಂಡೆಯ ಸಂದಿಯಲ್ಲಿ ಅರ್ಧ ಗಂಟೆ

ಜಮಖಂಡಿ ಕಡೆಯ ಕೃಷ್ಣಾ ತೀರದ ಹಳ್ಳಿಯಿಂದ ಅಮೆರಿಕದ ಮಗನ ಮನೆಗೆ ಬಂದಿದ್ದ ಆ ತಾಯಿಗೆ ಬಂಡೆಗಳನ್ನು ನೋಡುವ ಹುಚ್ಚೇನೂ ಇರಲಿಲ್ಲ. ಬನಶಂಕರಿ ಜಾತ್ರೆಗೆ ಹೋದಾಗಲೆಲ್ಲ ಬಾದಾಮಿಯ ಕೆಂಪು ಬಂಡೆಗಳನ್ನು ಕಂಡವರು. ‘ಕಲ್ಲು ನೋಡಾಕ ಇಷ್ಟ ದೂರ, ಇಷ್ಟ ರೊಕ್ಕ ಯಾಕೋ?’ ಎಂದು ದಾರಿಯುದ್ದಕ್ಕೂ ಗೊಣಗಿದರು. ಮಗ ಕೇಳಲಿಲ್ಲ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಫೀನಿಕ್ಸ್‌ನಿಂದ ಕಾರು ಹೊರಡಿಸಿ, ಅರಿಜೋನಾದ ಉತ್ತರ ತುದಿಯ ಪೇಜ್ ಎಂಬ ಪುಟ್ಟ ಊರಿಗೆ ಕರೆತಂದ.

ಆಂಟಿಲೋಪ್ ಕ್ಯಾನ್ಯನ್ ಇರುವುದು ಆ ಊರಿನ ಹತ್ತಿರ, ನವಾಹೊ ಬುಡಕಟ್ಟಿನವರ ನೆಲದಲ್ಲಿ. ಅವರ ಗೈಡ್ ಜೊತೆಗಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಮೇಲಿನ ಕಣಿವೆ, ಕೆಳಗಿನ ಕಣಿವೆ ಎಂದು ಎರಡು ಭಾಗ. ಕೆಳಗಿನದಕ್ಕೆ ಕಡಿದಾದ ಏಣಿ ಮೆಟ್ಟಿಲು. ತಾಯಿಯ ಮೊಣಕಾಲು ನೆನೆದು ಮಗ ಮೇಲಿನದಕ್ಕೇ ಟಿಕೆಟ್ ತೆಗೆಸಿದ್ದ.

ಗಾಡಿ ಕೆಂಪು ಮರಳಿನ ಹಳ್ಳದ ಪಾತ್ರದಲ್ಲೇ ಎತ್ತಿಹಾಕುತ್ತಾ ಸಾಗಿತು. ನೆತ್ತಿಯ ಮೇಲೆ ಮೋಡದ ಚೂರೂ ಇಲ್ಲ. ಎದುರಿನ ಬಂಡೆಗೋಡೆಯಲ್ಲಿ ಒಂದು ಸೀಳು, ಅದೇ ಬಾಗಿಲು. ಒಳಗೆ ಹೋದರೆ ಎರಡೂ ಬದಿಗೆ ನೂರಡಿಗೂ ಮಿಕ್ಕಿ ಎತ್ತರದ ಗೋಡೆಗಳು, ಕುಂಬಾರ ತಿಗರಿಯ ಮೇಲೆ ಕೈಯಾಡಿಸಿದ ಹಾಗೆ ಸುತ್ತಿ ಸುತ್ತಿ ಏರಿದ್ದವು. ನಡುಹಗಲ ಬಿಸಿಲು ಮೇಲಿನ ಕಿಂಡಿಯಿಂದ ಕೋಲಾಗಿ ಇಳಿದು ಕಲ್ಲು ಕೆಂಡದಂತೆ ಕಾಣುತ್ತಿತ್ತು.

ಗೈಡ್ ಎಳೆ ಪ್ರಾಯದ ನವಾಹೊ ಯುವಕ. ಎಲ್ಲರ ಫೋನು ಇಸಿದುಕೊಂಡು ಫೋಟೋ ಚೆನ್ನಾಗಿ ಬರುವಂತೆ ಹೊಂದಿಸಿಕೊಟ್ಟ. ಸುಮಾರು 19 ಕೋಟಿ ವರ್ಷಗಳ ಹಿಂದೆ ಇದೆಲ್ಲ ಮರಳುದಿಬ್ಬ. ಕಲ್ಲಾದ ಮೇಲೆ ಕೊರೆದದ್ದು ನೀರು ಎಂದ. ಅವರ ಭಾಷೆಯಲ್ಲಿ ಈ ಜಾಗದ ಹೆಸರಿಗೆ ‘ಬಂಡೆಗಳ ನಡುವೆ ನೀರು ಹರಿಯುವ ಎಡೆ’ ಎಂದು ಅರ್ಥವಂತೆ. ಮಗ ಕನ್ನಡಕ್ಕೆ ತಿರುಗಿಸಿ ಹೇಳಿದ. ತಾಯಿ ಕಾಲಡಿಯ ನಯವಾದ ಮರಳನ್ನೇ ನೋಡುತ್ತಾ ನಿಂತರು.

ಅರ್ಧ ಗಂಟೆಯೂ ಆಗಿರಲಿಲ್ಲ. ಹೊರಗಿದ್ದ ಚಾಲಕ ಓಡುತ್ತಾ ಬಂದು ಗೈಡಿನ ಕಿವಿಯಲ್ಲಿ ಏನೋ ಹೇಳಿದ. ಯುವಕನ ಮುಖ ಬದಲಾಯಿತು. ಎಲ್ಲರೂ ಗಾಡಿಗೆ ನಡೆಯಿರಿ, ಈಗಲೇ, ಎಂದ. ದಕ್ಷಿಣದ ದೂರದ ಬಯಲಿನಲ್ಲಿ ಮಳೆ ಹಿಡಿದಿತ್ತು.

‘ಇಲ್ಲಿ ಸುಡು ಬಿಸಿಲಿದೆಯಲ್ಲ!’ ಎಂದು ಯಾರೋ ರೇಗಿದರು. ಮಗನೂ ದನಿಗೂಡಿಸಿದ, ಅವನಿಗೆ ಬೇಕಿದ್ದ ಫೋಟೋ ಇನ್ನೂ ಸಿಕ್ಕಿರಲಿಲ್ಲ. ತಿರುಗಿ ನೋಡಿದರೆ ತಾಯಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲ ನೋವು ಮರೆತು, ಎಲ್ಲರಿಗಿಂತ ಮುಂದೆ ಹೊರಟಿದ್ದರು.

ಗಾಡಿ ದಿಬ್ಬ ಹತ್ತಿದ ಮೇಲೆ ಗೈಡ್ ವಿವರಿಸಿದ. 1997ರ ಆಗಸ್ಟ್ 12ರಂದು ಕೆಳಗಿನ ಕಣಿವೆಯಲ್ಲಿ ಹೀಗೇ ಆಯಿತು. ಮಳೆ ಬಿದ್ದದ್ದು ಮೈಲುಗಟ್ಟಲೆ ಆಚೆ. ನೀರು ಗೋಡೆಯಂತೆ ನುಗ್ಗಿ ಬಂದದ್ದು ಈ ಸಂದಿಗೆ. 11 ಮಂದಿ ಪ್ರವಾಸಿಗರು ಸತ್ತರು. ಉಳಿದವನು ಅವರೊಂದಿಗಿದ್ದ ಗೈಡ್ ಒಬ್ಬನೇ. ಏಣಿಗಳೂ ಕೊಚ್ಚಿಹೋದವು. ಈಗಿನ ಲೋಹದ ಮೆಟ್ಟಿಲುಗಳನ್ನು ಬಂಡೆಗೆ ಬಿಗಿದದ್ದು ಆಮೇಲೆ.

ತಾಯಿ ಮಗನ ತೋಳು ತಟ್ಟಿದರು. ‘ಆ ಹುಡುಗಗ ಹೇಳು. ಮಹಾಬಳೇಶ್ವರದಾಗ ಮಳಿ ಆದ್ರ ನಮ್ಮೂರಾಗ ಒಂದ ಹನಿ ಬೀಳದಿದ್ರೂ ಹೊಳಿ ಬರತೈತಿ. 2005ರಾಗ ಬಂತು, 2019ರಾಗ ಮತ್ತ ಬಂತು. ಹೊಳಿ ದಂಡಿ ಮ್ಯಾಲ ಇರಾಂವ ತಲಿ ಮ್ಯಾಲಿನ ಮುಗಿಲು ನೋಡಬಾರದು, ದೂರದ ಮುಗಿಲು ನೋಡಬೇಕು.’

ಮಗ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದ. ಗೈಡ್ ಟೋಪಿ ತೆಗೆದು ಆ ಮುದುಕಿಯ ಕಡೆ ತಲೆಬಾಗಿದ.

ಕಾರು ನಿಲ್ಲಿಸಿದ್ದ ಜಾಗದಲ್ಲಿ ಅವರು ಒಂದು ಗಂಟೆ ಕೂತು ಬುತ್ತಿ ಬಿಚ್ಚಿದರು. ಹಳ್ಳಕ್ಕೆ ನೀರು ಬರಲೇ ಇಲ್ಲ. ‘ನೋಡಿದ್ಯಾ ಅವ್ವಾ, ಸುಮ್ಮನ ಅರ್ಧಾ ಟೂರ್ ಹಾಳಾತು’ ಎಂದ ಮಗ.

‘ಅರ್ಧಾ ನೋಡಿದ್ರ ಏನಾತು? ಪೂರಾ ತಿರುಗಿ ಬಂದೇವಲ್ಲ’ ಎಂದು ಅವರು ಚಟ್ನಿಪುಡಿಯ ಡಬ್ಬಿ ಮುಚ್ಚಿದರು.

ಫೀನಿಕ್ಸ್ ಕಡೆಗೆ ಅರ್ಧ ತಾಸು ಬಂದಿರಬೇಕು, ರಸ್ತೆ ಒದ್ದೆಯಾಗಿತ್ತು. ಪಕ್ಕದ ಚರಂಡಿಗಳಲ್ಲಿ ಕೆಂಪು ನೀರು ಭೋರಿಡುತ್ತಿತ್ತು. ಮಗ ಕಾರು ನಿಧಾನ ಮಾಡಿದ. ಆ ನೀರನ್ನು ಒಮ್ಮೆ, ಪಕ್ಕದಲ್ಲಿ ತೂಕಡಿಸುತ್ತಿದ್ದ ತಾಯಿಯನ್ನು ಒಮ್ಮೆ ನೋಡಿದ. ಮನೆ ಮುಟ್ಟುವ ತನಕ ಅರ್ಧ ಟೂರಿನ ಮಾತು ಎತ್ತಲಿಲ್ಲ.